ಪೀಠ ಊರು ಬಿಡುವ ಮುನ್ನ ಗಡುವು ನಿಲ್ಲಲಿ: ನ್ಯಾಯಾಡಳಿತದ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯ ನ್ಯಾಯಮೂರ್ತಿಗಳೇ, ಕಾನೂನು ಕಾರ್ಯದರ್ಶಿಗಳೇ, ಸಾಂಕ್ರಾಮಿಕ ಕಾಲಕ್ಕೆ ಯೋಜನೆ ಬರೆಯುವ ಸಮಿತಿಗಳ ಸದಸ್ಯರೇ,

ಪಿಡುಗು ಬಂದಾಗ ನ್ಯಾಯಾಲಯವನ್ನು ಎಲ್ಲಿಗೆ ಸಾಗಿಸಬೇಕು ಎಂಬ ಚರ್ಚೆ ಎದ್ದರೆ ಮಾತು ಕಟ್ಟಡದಿಂದಲೇ ಆರಂಭವಾಗುತ್ತದೆ. ಯಾವ ಊರು, ಎಷ್ಟು ಸಭಾಂಗಣ, ನ್ಯಾಯಾಧೀಶರ ವಸತಿ ಎಲ್ಲಿ, ಕಡತ ಹೊರಲು ಎಷ್ಟು ವಾಹನ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ, ಆದ್ದರಿಂದಲೇ ಎಲ್ಲರೂ ಮೊದಲು ಇವನ್ನು ಹಿಡಿದುಕೊಳ್ಳುತ್ತಾರೆ. ರೋಗದ ಊರಿನಲ್ಲೇ ಉಳಿದ, ಉಳಿಯಲೇಬೇಕಾದ ಕಕ್ಷಿದಾರನ ವಾಯಿದೆ ಏನಾಗುತ್ತದೆ? ಮೇಲ್ಮನವಿಗೆ ಮೂರೇ ದಿನ ಬಾಕಿ ಇದ್ದವನ ಮನೆಬಾಗಿಲಿಗೆ ಆರೋಗ್ಯಾಧಿಕಾರಿಯ ಬೀಗ ಬಿದ್ದರೆ ಅವನ ಹಕ್ಕು ಉಳಿಯುತ್ತದೆಯೇ? ಜೈಲಿನಲ್ಲಿರುವವನ ಜಾಮೀನು ಅರ್ಜಿಯನ್ನು ಕೇಳುವವರು ಯಾರು? ಈ ಪ್ರಶ್ನೆಗಳು ಯೋಜನೆಯ ಕೊನೆಯ ಪುಟಕ್ಕೆ ಜಾರುತ್ತವೆ, ಕೆಲವೊಮ್ಮೆ ಪುಟದಿಂದಲೇ ಜಾರಿಹೋಗುತ್ತವೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಪೀಠ ಹೊರಡುವ ಆದೇಶಕ್ಕೆ ಸಹಿ ಬೀಳುವ ಮುಂಚೆ ಗಡುವು ನಿಲ್ಲಿಸುವ ಆದೇಶಕ್ಕೆ ಸಹಿ ಬೀಳಬೇಕು. ಆ ಎರಡೂ ಆದೇಶಗಳ ಅಧಿಕಾರ, ಪಠ್ಯ, ಮಿತಿ ಎಲ್ಲವೂ ಊರು ಆರೋಗ್ಯವಾಗಿರುವಾಗಲೇ ಕಾನೂನಾಗಿ ಸಿದ್ಧವಿರಬೇಕು.

ಈ ವಿಷಯದಲ್ಲಿ ಇಂಗ್ಲೆಂಡಿಗಿರುವಷ್ಟು ದೀರ್ಘ ಅನುಭವದ ದಾಖಲೆ ಸಿಗುವುದು ಕಷ್ಟ. ಆ ದೇಶದ ಮುಖ್ಯ ನ್ಯಾಯಾಲಯಗಳೆಲ್ಲ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಒಂದೇ ಸೂರಿನಡಿ, ವರ್ಷಕ್ಕೆ ನಾಲ್ಕು ಅವಧಿಗಳಲ್ಲಿ ಕೂರುತ್ತಿದ್ದವು. ಅವಧಿ ಶುರುವಾದರೆ ದೇಶದ ಮೂಲೆಮೂಲೆಯಿಂದ ವಕೀಲರು, ಕಕ್ಷಿದಾರರು, ಸಾಕ್ಷಿಗಳು, ಅವರನ್ನೇ ನಂಬಿದ ವ್ಯಾಪಾರಿಗಳು ಅಲ್ಲಿ ನೆರೆಯುತ್ತಿದ್ದರು. ಪ್ಲೇಗಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಬೇಕಿರಲಿಲ್ಲ. 1349ರಲ್ಲಿ ಕರಾಳ ಮೃತ್ಯು ಎಂದು ಹೆಸರಾದ ಮಹಾಮಾರಿ ಬಂದಾಗ ಮೂರನೆಯ ಎಡ್ವರ್ಡ್ ಸಂಸತ್ತನ್ನೇ ಮುಂದೂಡಿದ. ಮುಂದಿನ ಶತಮಾನಗಳಲ್ಲಿ ಪ್ಲೇಗು ಜೋರಾದಾಗೆಲ್ಲ ರಾಜಘೋಷಣೆ ಹೊರಟು ಮೈಕೆಲ್‌ಮಸ್ ಅವಧಿ, ಎಂದರೆ ಶರತ್ಕಾಲದ ಅಧಿವೇಶನ, ಬೇರೆ ಊರಿಗೆ ಹೋಗುತ್ತಿತ್ತು. 1582ರಲ್ಲಿ ಮತ್ತು 1592ರಲ್ಲಿ ಹರ್ಟ್‌ಫರ್ಡ್, 1593ರಲ್ಲಿ ಸೇಂಟ್ ಆಲ್ಬನ್ಸ್, 1603ರಲ್ಲಿ ವಿಂಚೆಸ್ಟರ್, 1625ರಲ್ಲಿ ರೆಡಿಂಗ್, 1665ರಲ್ಲಿ ಆಕ್ಸ್‌ಫರ್ಡ್.

ಇವುಗಳಲ್ಲಿ 1625ರ ಒಂದು ಪ್ರಸಂಗ ನಿಮ್ಮೆಲ್ಲರಿಗೂ ಗೊತ್ತಿರಬೇಕಾದದ್ದು. ಆ ವರ್ಷ ಲಂಡನ್ನಿನ ಮರಣಪಟ್ಟಿಗಳು ಪ್ಲೇಗಿಗೆ 35,417 ಜನ ಬಲಿಯಾದರೆಂದು ಲೆಕ್ಕ ಹಾಕಿದವು. ಅವಧಿ ರೆಡಿಂಗಿಗೆ ಹೋಗಬೇಕೆಂದು ನಿರ್ಧಾರವಾಗಿತ್ತು. ಆದರೆ ನ್ಯಾಯಾಲಯ ತಾನಾಗಿ ರೆಡಿಂಗಿನಲ್ಲಿ ಹುಟ್ಟಿಕೊಳ್ಳುವಂತಿರಲಿಲ್ಲ. ವೆಸ್ಟ್‌ಮಿನ್‌ಸ್ಟರಿನಲ್ಲಿ ಅದನ್ನು ತೆರೆದು, ವಿಧಿವತ್ತಾಗಿ ಮುಂದೂಡಿ, ಅನಂತರ ಅಲ್ಲಿ ಕೂರಿಸಬೇಕಿತ್ತು. ಆ ಕೆಲಸ ಕಿಂಗ್ಸ್ ಬೆಂಚ್ ಎಂಬ ಉನ್ನತ ನ್ಯಾಯಾಲಯದ ನ್ಯಾಯಮೂರ್ತಿ ಜೇಮ್ಸ್ ವೈಟ್‌ಲಾಕ್ ಅವರ ಪಾಲಿಗೆ ಬಂತು. ಬಕಿಂಗ್‌ಹ್ಯಾಮ್‌ಶೈರಿನ ತಮ್ಮ ಮನೆಯಿಂದ ಹೊರಟ ಅವರು ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಗ್ಗೆ ಹೈಡ್ ಪಾರ್ಕಿನ ಮೂಲೆಗೆ ಬಂದರು. ಊರೊಳಗಿನ ಅನ್ನ ನೀರು ಮುಟ್ಟುವ ಹಾಗಿರಲಿಲ್ಲ. ಗಾಡಿಯಲ್ಲಿ ತಂದದ್ದನ್ನೇ ನೆಲದ ಮೇಲೆ ಕುಳಿತು ಪರಿವಾರದೊಡನೆ ಉಂಡರು. ಆಮೇಲೆ ಜನರಿಲ್ಲದ, ಹುಲ್ಲು ಬೆಳೆದ ಬೀದಿಗಳಲ್ಲಿ ಗಾಡಿಯನ್ನು ವೇಗವಾಗಿ ಓಡಿಸಿಕೊಂಡು ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ ಹೋದರು. ಅಲ್ಲಿ ಸಿಬ್ಬಂದಿ ಸಿದ್ಧವಾಗಿ ನಿಂತಿದ್ದರು. ನ್ಯಾಯಮೂರ್ತಿ ನೇರವಾಗಿ ಪೀಠಕ್ಕೆ ಹೋಗಿ, ನ್ಯಾಯಾಲಯವನ್ನು ಮುಂದೂಡಿ, ಗಾಡಿ ಹತ್ತಿ ಊರು ಬಿಟ್ಟರು. ಇದನ್ನು ಬರೆದಿಟ್ಟವರು ಅವರ ಮಗ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹುಲ್ಲು ಬೆಳೆದ ಬೀದಿಯ ಮೇಲೆ ಕಣ್ಣಿಡುತ್ತಾರೆ. ನಾನು ಆ ಸಿಬ್ಬಂದಿಯನ್ನು ನೋಡುತ್ತೇನೆ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ನ್ಯಾಯಮೂರ್ತಿ ಬಂದು ಹೋಗಲು ಬೇಕಾದಷ್ಟು ಹೊತ್ತು ಮಾತ್ರ ಊರೊಳಗಿದ್ದರು. ಅವರು ಬರುವ ಮೊದಲೇ ಬಾಗಿಲು ತೆರೆದು ನಿಂತವರು ಎಲ್ಲಿಂದ ಬಂದರು, ಎಲ್ಲಿ ಉಂಡರು, ಆಮೇಲೆ ಎಲ್ಲಿಗೆ ಹೋದರು? ನಿಮ್ಮ ಯೋಜನೆಯಲ್ಲಿ ‘ಅಗತ್ಯ ಸಿಬ್ಬಂದಿ’ ಎಂಬ ಎರಡು ಪದಗಳ ಒಳಗೆ ಅಡಗಿರುವವರು ಇವರೇ.

ಆದರೂ ಆ ಪ್ರಯಾಣದಲ್ಲಿ ಒಂದು ದೊಡ್ಡ ವಿವೇಕವಿತ್ತು. ಯಾರೂ ಹೋಗದೆ ಬಿಟ್ಟಿದ್ದರೆ, ಆ ದಿನಕ್ಕೆ ಕರೆಸಲಾಗಿದ್ದ ಪ್ರಕರಣಗಳ ಎಳೆ ಕಡಿದುಹೋಗುತ್ತಿತ್ತು. ಆ ಕಾಲದ ವಿಧಾನದಲ್ಲಿ ಪ್ರತಿ ಪ್ರಕರಣವೂ ಒಂದು ದಿನದಿಂದ ಇನ್ನೊಂದು ದಿನಕ್ಕೆ ವಾಯಿದೆ ಪಡೆದುಕೊಂಡೇ ಬದುಕಿರಬೇಕು. ವಾಯಿದೆ ಕೊಡುವವರಿಲ್ಲದಿದ್ದರೆ ಪ್ರಕರಣವನ್ನು ಮತ್ತೆ ಮೊದಲಿನಿಂದ ಎಬ್ಬಿಸಬೇಕಾಗುವ ಅಪಾಯ. ಆದ್ದರಿಂದ ನಾಲ್ಕು ಮಾತು ಹೇಳಿ ‘ಇಲ್ಲಿಗೆ ನಿಂತಿದೆ, ಅಲ್ಲಿ ಮುಂದುವರಿಯುತ್ತದೆ’ ಎಂದು ದಾಖಲಿಸಲು ಒಬ್ಬ ನ್ಯಾಯಾಧೀಶ ಸಾವಿನ ಊರೊಳಗೆ ಹೋಗಿಬಂದ. ಪೀಠ ಸಾಗುವ ಮೊದಲು ಕಾಲವನ್ನು ಕಟ್ಟಿಹಾಕಬೇಕು ಎಂಬುದು ಅವರಿಗೆ ಗೊತ್ತಿತ್ತು. ನಾವು ಮರೆತಿರುವುದು ಇದನ್ನೇ.

ಇನ್ನು ಸಾಗಿದ ಪೀಠದ ಮುಂದೆ ಯಾರು ಬರಬಹುದಾಗಿತ್ತು ಎಂದು ನೋಡಿ. 1563ರ ಪ್ಲೇಗಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿ ತನ್ನ ಆಸ್ಥಾನವನ್ನು ವಿಂಡ್ಸರಿಗೆ ಒಯ್ದಳು. ಲಂಡನ್ನಿನಿಂದ ಅಲ್ಲಿಗೆ ಬಂದವರನ್ನು ಗಲ್ಲಿಗೇರಿಸಲೆಂದು ಮಾರುಕಟ್ಟೆಯಲ್ಲಿ ಗಲ್ಲುಗಂಬವನ್ನೇ ನಿಲ್ಲಿಸಿದ್ದರೆಂದು ಆ ಕಾಲದ ವೃತ್ತಾಂತಕಾರ ಜಾನ್ ಸ್ಟೋ ಬರೆದಿದ್ದಾನೆ. 1604ರ ಪ್ಲೇಗ್ ಕಾಯ್ದೆ, ಮೈಮೇಲೆ ಪ್ಲೇಗಿನ ಗಂಟು ಎದ್ದಿದ್ದೂ ಮುಚ್ಚಿದ ಮನೆಯಿಂದ ಹೊರಬಂದು ಜನರ ನಡುವೆ ಓಡಾಡುವವನನ್ನು ಮರಣದಂಡನೆಗೆ ಅರ್ಹನಾದ ಅಪರಾಧಿಯನ್ನಾಗಿ ಮಾಡಿತು. ಗಂಟು ಇಲ್ಲದಿದ್ದರೂ ಹೊರಬಂದವನಿಗೆ ಅಲೆಮಾರಿಗೆ ಕೊಡುವ ಶಿಕ್ಷೆ. ಇಂಥ ಕ್ರಮಗಳಿಗೆ ಕಾರಣವಿಲ್ಲ ಎನ್ನುವುದಿಲ್ಲ. ಆದರೆ ಒಂದು ಕೈಯಿಂದ ‘ಮನೆ ಬಿಟ್ಟು ಕದಲಬೇಡ’ ಎಂದು ಆಜ್ಞಾಪಿಸಿ, ಇನ್ನೊಂದು ಕೈಯಿಂದ ‘ಇಂಥ ದಿನ ಇಂಥ ಊರಿನಲ್ಲಿ ಹಾಜರಾಗು’ ಎಂದು ಸಮನ್ಸು ಕಳಿಸುವ ಆಡಳಿತಕ್ಕೆ ತನ್ನ ಎರಡು ಕೈಗಳ ಪರಿಚಯವೇ ಇಲ್ಲ ಎಂದಷ್ಟೇ ಹೇಳಬೇಕಾಗುತ್ತದೆ. ಹಾಜರಾಗಲಾರದವನ ವಿರುದ್ಧ ಏಕಪಕ್ಷೀಯ ತೀರ್ಪು ಬಂದರೆ ಅದು ಪ್ಲೇಗು ಮಾಡಿದ ಅನ್ಯಾಯವಲ್ಲ, ಪೀಠವೇ ಮಾಡಿದ್ದು.

ಗಡುವು ನಿಲ್ಲಿಸುವುದು ಹೇಗೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಉದಾಹರಣೆಯಿದೆ. ಕೋವಿಡ್ ಹರಡುತ್ತಿದ್ದಾಗ ಭಾರತದ ಸುಪ್ರೀಂ ಕೋರ್ಟ್ ಯಾರೂ ಅರ್ಜಿ ಹಾಕುವವರೆಗೆ ಕಾಯದೆ, 2020ರ ಮಾರ್ಚ್ 23ರಂದು ತಾನೇ ಒಂದು ಆದೇಶ ಹೊರಡಿಸಿ, ಆ ತಿಂಗಳ 15ರಿಂದಲೇ ಅನ್ವಯವಾಗುವಂತೆ ಕಾಲಮಿತಿಯನ್ನು ದೇಶದ ಎಲ್ಲ ನ್ಯಾಯಾಲಯಗಳಿಗೂ ನ್ಯಾಯಮಂಡಳಿಗಳಿಗೂ ವಿಸ್ತರಿಸಿತು. ಈ ಪತ್ರದಲ್ಲಿ ನಾನು ಹೊಗಳುವ ಕೆಲವೇ ಸಂಗತಿಗಳಲ್ಲಿ ಇದೊಂದು. ಆದರೆ ಅನಂತರ ಏನಾಯಿತು? 2021ರ ಮಾರ್ಚಿನಲ್ಲಿ ವಿಸ್ತರಣೆ ಮುಗಿಯಿತು ಎಂದರು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಮತ್ತೆ ಜಾರಿಗೆ ತಂದರು. ಅಕ್ಟೋಬರ್ ಆರಂಭಕ್ಕೆ ಕೊನೆಗೊಳಿಸಿದರು. 2022ರ ಜನವರಿಯಲ್ಲಿ ಮೂರನೆಯ ಸಲ ಎಬ್ಬಿಸಿ, ಕೊನೆಗೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನೇ ಲೆಕ್ಕದಿಂದ ತೆಗೆದರು. ತುರ್ತಿನಲ್ಲಿ ಮಾಡಿದ ಕೆಲಸವಾದ್ದರಿಂದ ಇದನ್ನು ದೂರುವುದಿಲ್ಲ. ಆದರೆ ಯಾವ ಸೂಚನೆ ಕಂಡರೆ ಗಡುವು ನಿಲ್ಲಬೇಕು, ಯಾವ ಸೂಚನೆ ಕಂಡರೆ ಮತ್ತೆ ಓಡಬೇಕು ಎಂಬ ನಿಯಮ ಮೊದಲೇ ಇದ್ದಿದ್ದರೆ, ಪ್ರತಿ ಅಲೆಗೂ ಒಂದೊಂದು ಆದೇಶ ಬೇಕಾಗುತ್ತಿರಲಿಲ್ಲ.

ಅದಕ್ಕಿಂತ ಮುಖ್ಯವಾದ ಪಾಠ ಇದೇ ಆದೇಶದ ನೆರಳಿನಲ್ಲಿ ಹುಟ್ಟಿತು. ಬಂಧಿತನ ಮೇಲೆ ನಿಗದಿತ ದಿನಗಳೊಳಗೆ, ಆರೋಪಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ, ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಕಾಲಮಿತಿ ಎಲ್ಲರಿಗೂ ವಿಸ್ತರಣೆಯಾಗಿದೆಯಲ್ಲವೇ, ಹಾಗಾದರೆ ಪೊಲೀಸರಿಗೂ ಆಗಿದೆ ಎಂಬ ವಾದ ಬಂತು. ಒಂದು ಹೈಕೋರ್ಟಿನ ಪೀಠ ಅದನ್ನು ಒಪ್ಪಿಯೂ ಬಿಟ್ಟಿತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ವಿಸ್ತರಣೆಯ ಆದೇಶ ಬಂಧಿತನ ಸ್ವಾತಂತ್ರ್ಯವನ್ನು ಮೊಟಕುಗೊಳಿಸಲು ಬಂದದ್ದಲ್ಲ ಎಂದು ಸ್ಪಷ್ಟಪಡಿಸಿತು. ಗಡುವು ನಿಲ್ಲಲಿ ಎಂದು ನಾನು ಕೇಳುವಾಗ ಈ ಭೇದವನ್ನು ಜೊತೆಯಲ್ಲೇ ಕೇಳುತ್ತಿದ್ದೇನೆ. ಹಕ್ಕು ಕೇಳಿಕೊಂಡು ಬರುವವನ ಗಡುವು ನಿಲ್ಲಬೇಕು. ಕೂಡಿಹಾಕಿದವರ ಗಡುವು ನಿಲ್ಲಬಾರದು. ಇದನ್ನು ನಿಮ್ಮ ಮಸೂದೆಯಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ಬರೆಯದಿದ್ದರೆ ಮುಂದಿನ ಪಿಡುಗಿನಲ್ಲಿ ಯಾವುದೋ ಜೈಲಿನೊಳಗಿನ ಒಬ್ಬ ಮೇಲಿನ ನ್ಯಾಯಾಲಯದವರೆಗೂ ಹೋಗಿ ಬರೆಸಿಕೊಂಡು ಬರಬೇಕಾಗುತ್ತದೆ.

ಜೈಲಿನ ಮಾತು ಬಂದ ಮೇಲೆ ಅಲ್ಲೇ ಸ್ವಲ್ಪ ನಿಲ್ಲೋಣ. ರೋಗ ನ್ಯಾಯಾಲಯಕ್ಕೆ ಊರಿನಿಂದ ಬರುತ್ತದೆ ಎಂದು ನಾವು ಹೆದರುತ್ತೇವೆ. ಎಷ್ಟೋ ಸಲ ಅದು ಬಂದದ್ದು ಸರಕಾರವೇ ನಡೆಸುವ ಜೈಲಿನಿಂದ. 1577ರ ಜುಲೈನಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಚಾರಣೆಗಳ ನಂತರ ಮುಖ್ಯ ನ್ಯಾಯಾಧೀಶ ರಾಬರ್ಟ್ ಬೆಲ್ ಸೇರಿ ಸುಮಾರು 300 ಜನ ಜ್ವರದಿಂದ ಸತ್ತರು. ಅದಕ್ಕೆ ಕರಾಳ ಅಸೈಜ್, ಎಂದರೆ ಕರಾಳ ವಿಚಾರಣಾ ಅಧಿವೇಶನ, ಎಂದೇ ಹೆಸರು ಬಂತು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಎಂಬ ಅಪರಾಧ ನ್ಯಾಯಾಲಯದಲ್ಲಿ ಅದೇ ಪುನರಾವರ್ತನೆಯಾಗಿ, ನಗರದ ಮೇಯರ್ ಮತ್ತು ಇಬ್ಬರು ನ್ಯಾಯಾಧೀಶರೂ ಸತ್ತವರಲ್ಲಿ ಸೇರಿದ್ದರು. ಇದು ಪ್ಲೇಗಲ್ಲ, ಹೇನುಗಳಿಂದ ಹರಡುವ ಟೈಫಸ್ ಇರಬೇಕು ಎಂಬುದು ಈಗಿನ ತಿಳಿವಳಿಕೆ. ಪರಿಹಾರವೆಂದು ನ್ಯಾಯಾಧೀಶರು ಪರಿಮಳದ ಹೂಗುಚ್ಛ ಹಿಡಿದು ಕೂರತೊಡಗಿದರು. ಜೈಲು ತೊಳೆಯುವ ಬುದ್ಧಿ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಹಾಗಾಗಿ ಪೀಠವನ್ನು ಸುರಕ್ಷಿತ ಊರಿಗೆ ಒಯ್ದು, ಅದೇ ಕಿಕ್ಕಿರಿದ ಜೈಲಿನಿಂದ ಕೈದಿಗಳನ್ನು ಅದೇ ಮುಚ್ಚಿದ ವಾಹನದಲ್ಲಿ ತರಿಸಿಕೊಂಡರೆ ಸುರಕ್ಷತೆ ಎಲ್ಲಿ ಬಂತು? 2020ರ ಮಾರ್ಚಿನಲ್ಲಿ ಭಾರತದ ಸುಪ್ರೀಂ ಕೋರ್ಟ್ ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರದ ಸಮಿತಿ ರಚಿಸಿ, ಯಾವ ವರ್ಗದ ಕೈದಿಗಳನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ನಿರ್ಧರಿಸಲು ಹೇಳಿತು. ನನ್ನ ಅಭಿಪ್ರಾಯದಲ್ಲಿ ಪಿಡುಗಿನ ಕಾಲದಲ್ಲಿ ನ್ಯಾಯಾಲಯದ ಮೊದಲ ದಿನದ ಕೆಲಸವೇ ಇದು. ಜಮೀನಿನ ವ್ಯಾಜ್ಯ ಕಾಯಬಹುದು, ಕಂಪನಿಗಳ ಒಪ್ಪಂದದ ಜಗಳವೂ ಕಾಯಬಹುದು. ತಪ್ಪಿತಸ್ಥನೆಂದು ಇನ್ನೂ ತೀರ್ಮಾನವಾಗದವನನ್ನು ಸಾಂಕ್ರಾಮಿಕದ ನಡುವೆ ಕೂಡಿಹಾಕಿದ್ದರೆ ಅವನ ಕಡತ ಕಾಯುವಂತಿಲ್ಲ.

ಪೀಠ ಸ್ಥಳಾಂತರವಾದ ಮಾತ್ರಕ್ಕೆ ನ್ಯಾಯ ಹದಗೆಡುತ್ತದೆ ಎಂದೂ ನಾನು ಹೇಳುತ್ತಿಲ್ಲ. 1603ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಇದ್ದುದರಿಂದ ನಾವಿಕನೂ ಆಸ್ಥಾನಿಕನೂ ಆಗಿದ್ದ ವಾಲ್ಟರ್ ರಾಲಿಯ ರಾಜದ್ರೋಹದ ವಿಚಾರಣೆ ನವೆಂಬರ್ 17ರಂದು ವಿಂಚೆಸ್ಟರಿನಲ್ಲಿ ನಡೆಯಿತು. ಲಂಡನ್ ಗೋಪುರದಿಂದ ಅವನನ್ನು ಕರೆದೊಯ್ಯುವಾಗ ದಾರಿಯುದ್ದಕ್ಕೂ ಜನ ಎಷ್ಟು ರೇಗಿದ್ದರೆಂದರೆ ಅವನು ಜೀವಸಹಿತ ತಲುಪುತ್ತಾನೋ ಇಲ್ಲವೋ ಎಂಬ ಅನುಮಾನ ಕಾವಲಿನವರಿಗೇ ಇತ್ತು. ಅಲ್ಲಿ ಅವನು ಕೇಳಿದ್ದು ಒಂದೇ: ತನ್ನ ಮೇಲೆ ಆರೋಪ ಹೊರಿಸಿದ ಲಾರ್ಡ್ ಕಾಬಮ್‌ನನ್ನು ಎದುರಿಗೆ ಕರೆಸಿ. ಕಾಬಮ್ ಅದೇ ಊರಿನಲ್ಲಿ ಬಂಧನದಲ್ಲಿದ್ದ. ಕರೆಸಲಿಲ್ಲ. ಬರೆದುಕೊಂಡ ಹೇಳಿಕೆಯ ಆಧಾರದ ಮೇಲೆ ರಾಲಿಗೆ ಮರಣದಂಡನೆ ವಿಧಿಸಿದರು. ಸಾಕ್ಷಿ ದೂರದಲ್ಲಿದ್ದಾನೆ, ದಾರಿಯಲ್ಲಿ ರೋಗವಿದೆ ಎಂಬ ನೆಪ ಹೇಳುವ ಮುನ್ನ ಈ ಪ್ರಕರಣವನ್ನು ನೆನಪಿಸಿಕೊಳ್ಳಿ. ಕರೆಸುವ ಮನಸ್ಸಿಲ್ಲದಿದ್ದರೆ ಪಕ್ಕದ ಕೋಣೆಯೂ ದೂರವೇ.

ಪೀಠವನ್ನು ಬರಮಾಡಿಕೊಳ್ಳುವ ಊರಿನ ಗತಿಯನ್ನು ಯೋಜನೆಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1625ರಲ್ಲಿ ಮೊದಲನೆಯ ಚಾರ್ಲ್ಸ್ ತನ್ನ ಸಂಸತ್ತನ್ನು ಆಕ್ಸ್‌ಫರ್ಡಿಗೆ ಕರೆದ. ಆಗಸ್ಟ್ 1ರಂದು ಸೇರಿದ ಸಭೆ 12ಕ್ಕೆ ವಿಸರ್ಜನೆಯಾಯಿತು. ಹಣದ ಜಗಳ ಒಳಗಿನ ಕಾರಣವಾಗಿತ್ತು, ಪ್ಲೇಗು ಅಲ್ಲಿಗೂ ಬಂದಿದೆ ಎಂಬುದು ಹೊರಗಿನ ಕಾರಣವಾಯಿತು. 1665ರಲ್ಲಿ ಅವನ ಮಗ ಎರಡನೆಯ ಚಾರ್ಲ್ಸ್ ಮತ್ತೆ ಅದೇ ಊರಿಗೆ ಆಸ್ಥಾನ, ಸಂಸತ್ತು, ನ್ಯಾಯಾಲಯಗಳೊಡನೆ ಬಂದಿಳಿದ. ಆ ಆಸ್ಥಾನಿಕರು ಮೈಮೇಲೆ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರೂ, ಊರು ಬಿಟ್ಟು ಹೋಗುವಾಗ ಓದುವ ಕೋಣೆ, ಒಲೆಗೂಡು, ನೆಲಮಾಳಿಗೆ ಎನ್ನದೆ ಎಲ್ಲೆಲ್ಲೂ ಮಲ ಬಿಟ್ಟುಹೋದರು ಎಂದು ಅಲ್ಲಿನವನೇ ಆದ ಆಂಟನಿ ವುಡ್ ಕೋಪದಿಂದ ಬರೆದಿಟ್ಟ. ಓದಿದರೆ ನಗು ಬರುತ್ತದೆ. ಶೌಚದ ವ್ಯವಸ್ಥೆಯಿಲ್ಲದ ಊರಿಗೆ ಸಾವಿರಾರು ಜನರನ್ನು ತುಂಬಿದವರ ಯೋಜನೆಯ ಮೇಲೆ ಇದಕ್ಕಿಂತ ನೇರವಾದ ಟೀಕೆ ಬರೆಯುವುದು ಕಷ್ಟ.

ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯ ಚಿಗಟದಿಂದ ಅದು ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ತೋರಿಸಿದ್ದು 1898ರಲ್ಲಿ. ಅಂದಿನವರಿಗೆ ಇದು ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಸೋಂಕು ತಗುಲಿದವನಲ್ಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಏಳು ದಿನ ಬೇಕು. ಇಂದು ಆರೋಗ್ಯವಾಗಿ ಹೊರಟ ಗುಮಾಸ್ತ ಹೊಸ ಊರಿನಲ್ಲಿ ನಾಲ್ಕನೆಯ ದಿನ ಮಲಗಬಹುದು. ಅವನ ಹಾಸಿಗೆ ಬಟ್ಟೆಯ ಗಂಟಿನಲ್ಲಿ ಚಿಗಟವೂ ಪ್ರಯಾಣಿಸಬಹುದು. ಆದ್ದರಿಂದ ಹೊರಟ ದಿನಕ್ಕೂ ಪೀಠ ಕೂರುವ ದಿನಕ್ಕೂ ನಡುವೆ ಅಂತರವಿರಬೇಕು. ಬರಮಾಡಿಕೊಳ್ಳುವ ಊರಿನ ಆಡಳಿತವನ್ನು ಮೊದಲೇ ಕೇಳಬೇಕು. ಬೇಡ ಎನ್ನುವ ಅಧಿಕಾರ ಅದಕ್ಕೂ ಇರಬೇಕು.

ನ್ಯಾಯಾಲಯದ ಜೊತೆ ಉಳಿದ ಸರಕಾರಿ ಕೆಲಸವೂ ಊರು ಬಿಡುತ್ತದೆ. 1665ರಲ್ಲಿ ಖಜಾನೆಯ ಎಕ್ಸ್‌ಚೆಕರ್ ಕಚೇರಿ ಸರ್ರಿಯ ನಾನ್‌ಸಚ್ ಅರಮನೆಗೆ ಹೋಯಿತು. ನೌಕಾ ಕಚೇರಿ ಗ್ರೀನಿಚ್‌ಗೆ ಹೋಯಿತು. ನವೆಂಬರಿನಲ್ಲಿ ಆಕ್ಸ್‌ಫರ್ಡಿನಲ್ಲೇ ಒಂದು ಸರಕಾರಿ ಪತ್ರಿಕೆ ಹುಟ್ಟಿತು. ಆಸ್ಥಾನ ಹಿಂದಿರುಗಿದ ಮೇಲೆ ಲಂಡನ್ ಗೆಜೆಟ್ ಎಂದು ಹೆಸರು ಬದಲಿಸಿಕೊಂಡು ಇಂದಿಗೂ ಪ್ರಕಟವಾಗುತ್ತಿದೆ. ಇವು ಕೆಲಸ ನಿಲ್ಲದಂತೆ ನೋಡಿಕೊಂಡದ್ದಕ್ಕೆ ಒಳ್ಳೆಯ ಉದಾಹರಣೆಗಳೇ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಊರಿನಲ್ಲಿ ಸೇರಿದ ಸಂಸತ್ತು ಮಾಡಿದ ಇನ್ನೊಂದು ಕೆಲಸವಿದೆ. ಲಂಡನ್ನಿನಲ್ಲಿ ಆ ವರ್ಷ ಪ್ಲೇಗಿಗೆ ಸತ್ತವರೆಂದು ಮರಣಪಟ್ಟಿಗಳಲ್ಲಿ ಬರೆದದ್ದು 68,596. ಸೆಪ್ಟೆಂಬರಿನ ಒಂದೇ ವಾರದಲ್ಲಿ 7,165. ಅನೇಕ ಪಾದ್ರಿಗಳು ಊರು ಬಿಟ್ಟು ಓಡಿದ್ದರು. ಅಧಿಕೃತ ಚರ್ಚಿನಿಂದ ಹೊರದೂಡಲ್ಪಟ್ಟಿದ್ದ ಕೆಲವು ಬೋಧಕರು ಮುಂದೆ ಬಂದು ಖಾಲಿ ಬಿದ್ದ ಚರ್ಚುಗಳಲ್ಲಿ ನಿಂತು, ಸಾಯುವವರ ಬಳಿ ಹೋದರು. ಆಕ್ಸ್‌ಫರ್ಡಿನಲ್ಲಿ ಸುರಕ್ಷಿತವಾಗಿ ಕುಳಿತ ಸಂಸತ್ತು ಇಂಥ ಬೋಧಕರು ನಗರಗಳಿಂದ ಐದು ಮೈಲಿಯೊಳಗೆ ಕಾಲಿಡಬಾರದೆಂಬ ಕಾಯ್ದೆ ಮಾಡಿತು. ಊರಿನಲ್ಲಿ ಉಳಿದವರು ಕಣ್ಣಿಗೆ ಬೀಳದಷ್ಟು ದೂರ ಹೋದ ಸಭೆಯಿಂದ ಇಂಥ ಕಾನೂನು ಬಂದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಸ್ಥಳಾಂತರದ ಅವಧಿಯಲ್ಲಿ ಪಿಡುಗಿಗೆ ಸಂಬಂಧಿಸದ ಹೊಸ ನಿರ್ಬಂಧಗಳನ್ನು ಹೇರಬಾರದು ಎಂಬ ಕಟ್ಟುಪಾಡನ್ನು ನೀವೇ ನಿಮಗೆ ಹಾಕಿಕೊಳ್ಳಿ.

ಅದೇ ವರ್ಷ ಲಂಡನ್ನಿನಲ್ಲೇ ಉಳಿದ ಅಧಿಕಾರಸ್ಥರೂ ಇದ್ದರು. ಅಲ್ಬೆಮಾರ್ಲ್ ಡ್ಯೂಕ್ ಜಾರ್ಜ್ ಮಂಕ್ ಉಳಿದ. ಮೇಯರ್ ಜಾನ್ ಲಾರೆನ್ಸ್ ಉಳಿದ. ನಿಮ್ಮ ಯೋಜನೆಯಲ್ಲಿ ಹೋಗುವವರ ಪಟ್ಟಿಯ ಪಕ್ಕದಲ್ಲಿ ಉಳಿಯುವವರ ಪಟ್ಟಿಯೂ ಇರಲಿ. ಬಂಧನ, ಜಾಮೀನು, ಮನೆಯಿಂದ ಹೊರದೂಡುವುದಕ್ಕೆ ತಡೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ ರಕ್ಷಣೆ, ಇಷ್ಟನ್ನು ಕೇಳಲು ಒಬ್ಬ ನ್ಯಾಯಾಧೀಶ ಹಳೆಯ ಊರಿನಲ್ಲೇ ಇರಬೇಕು. ಅವರಿಗೂ ಅವರ ಸಿಬ್ಬಂದಿಗೂ ಲಸಿಕೆ, ಔಷಧ, ವಸತಿ, ವಿಮೆ ಮೊದಲು ಸಿಗಬೇಕು. ಪ್ಲೇಗಿಗೆ ಇಂದು ಆ್ಯಂಟಿಬಯಾಟಿಕ್ ಇದೆ. ಬೇಗ ಕೊಟ್ಟರೆ ಬದುಕುತ್ತಾರೆ.

ಇಷ್ಟನ್ನೂ ಮೊದಲೇ ಬರೆದಿಡಬೇಕು ಎಂದು ಹಟ ಹಿಡಿಯುವುದೇಕೆ ಎನ್ನುವವರಿಗೆ 1793ರ ಫಿಲಡೆಲ್ಫಿಯಾವನ್ನು ತೋರಿಸುತ್ತೇನೆ. ಆಗ ಅದು ಅಮೆರಿಕದ ರಾಜಧಾನಿ. ಹಳದಿ ಜ್ವರ ಬಂದು ಸುಮಾರು 50,000 ಜನರಿದ್ದ ನಗರದಲ್ಲಿ ಸುಮಾರು 5,000 ಜನ ಸತ್ತರು. ಕಚೇರಿಗಳು ಚದುರಿದವು. ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಅವರಿಗೇ ಜ್ವರ ತಗುಲಿತು. ಡಿಸೆಂಬರಿನಲ್ಲಿ ಕಾಂಗ್ರೆಸ್ ಸೇರಬೇಕು, ಅಧ್ಯಕ್ಷ ವಾಷಿಂಗ್ಟನ್ ಅದನ್ನು ಬೇರೆ ಊರಿಗೆ ಕರೆಯಬಹುದೇ? ಸಂವಿಧಾನ ಬರೆದು ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಬರೆದವರಲ್ಲಿ ಹಲವರು ಬದುಕಿದ್ದರು. ಆದರೂ ಉತ್ತರ ಸಿಗಲಿಲ್ಲ. ಜೆಫರ್ಸನ್ ಮತ್ತು ಮ್ಯಾಡಿಸನ್ ಆ ಅಧಿಕಾರ ಅಧ್ಯಕ್ಷರಿಗಿಲ್ಲ ಎಂದರು. ಹ್ಯಾಮಿಲ್ಟನ್ ಶಿಫಾರಸು ಮಾಡಬಹುದು ಎಂಬ ನಡುದಾರಿ ಹುಡುಕಿದರು. ವಾಷಿಂಗ್ಟನ್ ಪಕ್ಕದ ಜರ್ಮನ್‌ಟೌನಿನಲ್ಲಿ ತಂಗಿ ಕಾದರು. ಅಷ್ಟರಲ್ಲಿ ಚಳಿ ಬಿದ್ದು ಜ್ವರ ಇಳಿಯಿತು, ಕಾಂಗ್ರೆಸ್ ಫಿಲಡೆಲ್ಫಿಯಾದಲ್ಲೇ ಸೇರಿತು. ಸಂವಿಧಾನದ ಬಿಕ್ಕಟ್ಟನ್ನು ಬಗೆಹರಿಸಿದ್ದು ಹವಾಮಾನ!

ಆದರೆ ಅವರು ಆ ಅದೃಷ್ಟವನ್ನು ನಂಬಿ ಕೂರಲಿಲ್ಲ ಎಂಬುದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ. 1794ರ ಏಪ್ರಿಲ್‌ನಲ್ಲೇ, ಸೋಂಕುರೋಗವಿದ್ದರೆ ಕಾಂಗ್ರೆಸ್ಸನ್ನು ಬೇರೆ ಸ್ಥಳಕ್ಕೆ ಕರೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಕಾನೂನು ಮಾಡಿದರು. 1799ರ ಫೆಬ್ರವರಿಯ ಕಾಯ್ದೆ ಇನ್ನೂ ಮುಂದೆ ಹೋಗಿ, ಸಾಂಕ್ರಾಮಿಕದ ಕಾಲದಲ್ಲಿ ಸರಕಾರಿ ಕಚೇರಿಗಳ ಸ್ಥಳಾಂತರ, ನ್ಯಾಯಾಲಯಗಳನ್ನು ಬೇರೆಡೆಗೆ ಮುಂದೂಡುವುದು, ಸೆರೆಮನೆಯ ಕೈದಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು ಎಲ್ಲಕ್ಕೂ ಅವಕಾಶ ಮಾಡಿತು. ಕೈದಿಯನ್ನು ಮರೆಯದ ಕಾಯ್ದೆ! ಕಚೇರಿಗಳ ಸ್ಥಳಾಂತರದ ಆ ಅಧಿಕಾರ ಅಮೆರಿಕದ ಸಂಹಿತೆಯಲ್ಲಿ ಇಂದಿಗೂ ಇದೆ. ಭಾರತದ ಸಂವಿಧಾನದ 130ನೆಯ ವಿಧಿಯೂ ರಾಷ್ಟ್ರಪತಿಯ ಒಪ್ಪಿಗೆಯೊಂದಿಗೆ ಸುಪ್ರೀಂ ಕೋರ್ಟ್ ದೆಹಲಿಯ ಹೊರಗೆ ಕೂರಲು ಮುಖ್ಯ ನ್ಯಾಯಮೂರ್ತಿಗೆ ಅವಕಾಶ ಕೊಡುತ್ತದೆ. ಪೀಠ ಸಾಗಿಸುವ ಅಧಿಕಾರ ಸಿಗುವುದು ಸುಲಭ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಅದರ ಹಿಂದೆ ಬರಬೇಕಾದ ನಿಯಮಗಳು ಬರುವುದೇ ಕಷ್ಟ.

ವಿಡಿಯೊ ವಿಚಾರಣೆ ಬಂದಿರುವುದರಿಂದ ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ವಾದ ಮಂಡನೆಗೆ, ಜಾಮೀನಿಗೆ, ವಾಯಿದೆ ಕೊಡುವುದಕ್ಕೆ ವಿಡಿಯೊ ಚೆನ್ನಾಗಿದೆ, ಬಳಸಿ. ಸಾಕ್ಷಿಯ ಪಾಟೀಸವಾಲು, ಜ್ಯೂರಿಯ ವಿಚಾರಣೆ, ಮೂಲ ದಾಖಲೆಯ ಪರಿಶೀಲನೆಗೆ ಇನ್ನೂ ಕೋಣೆಯೇ ಬೇಕು. 2020ರಲ್ಲಿ ಇಂಗ್ಲೆಂಡ್ ಸಭಾಭವನ, ರಂಗಮಂದಿರ, ಹೋಟೆಲುಗಳಲ್ಲಿ ತಾತ್ಕಾಲಿಕ ನ್ಯಾಯಾಲಯಗಳನ್ನು ತೆರೆದದ್ದು ಅದಕ್ಕಾಗಿಯೇ. ಹಾಗೆ ಮಾಡಿಯೂ 2021ರ ಮಧ್ಯಕ್ಕೆ ಗಂಭೀರ ಅಪರಾಧಗಳನ್ನು ವಿಚಾರಿಸುವ ಅಲ್ಲಿನ ಕ್ರೌನ್ ಕೋರ್ಟ್‌ಗಳಲ್ಲಿ ಬಾಕಿ ಪ್ರಕರಣಗಳು ಸುಮಾರು 60 ಸಾವಿರ ಮುಟ್ಟಿದ್ದವು. ಫೋನಿಗೆ ಡೇಟಾ ಹಾಕಿಸಲು ಹಣವಿಲ್ಲದವನಿಗೆ ಪರದೆಯ ಮೇಲಿನ ಪೀಠ ಪರವೂರಿನ ಪೀಠದಷ್ಟೇ ದೂರ.

ಆದ್ದರಿಂದ ನಾನು ಕೇಳುವುದು ದೊಡ್ಡ ಗ್ರಂಥವನ್ನಲ್ಲ, ಚಿಕ್ಕ ಕಾಯ್ದೆಯನ್ನು. ಆರೋಗ್ಯ ಇಲಾಖೆ ಒಂದು ಪ್ರದೇಶವನ್ನು ಸೋಂಕುಪೀಡಿತವೆಂದು ಘೋಷಿಸಿದ ಗಳಿಗೆಯಲ್ಲೇ, ಇನ್ನೊಬ್ಬರ ಸಹಿಗೆ ಕಾಯದೆ, ಅಲ್ಲಿನ ಜನರ ಎಲ್ಲ ಕಾನೂನು ಗಡುವುಗಳೂ ನಿಲ್ಲಲಿ. ಘೋಷಣೆ ತೆರವಾದ ಮೇಲೆ ನಿಗದಿತ ದಿನಗಳ ಬಿಡುವು ಕೊಟ್ಟು ಮತ್ತೆ ಓಡಲಿ. ಬಂಧನದ ಗಡುವುಗಳಿಗೆ ಇದು ಅನ್ವಯಿಸದಿರಲಿ. ಪ್ರದೇಶದೊಳಗೆ ಸಿಕ್ಕಿಬಿದ್ದವನ ವಿರುದ್ಧ ಗೈರುಹಾಜರಿಯ ಮೇಲೆ ತೀರ್ಪು ಬಾರದಿರಲಿ. ಪೀಠ ಎಲ್ಲಿದೆ, ಯಾರು ಬರಬೇಕು, ಯಾರು ಬರಬೇಕಿಲ್ಲ ಎಂಬುದನ್ನು ಜನರ ಭಾಷೆಯಲ್ಲಿ, ಔಷಧದ ಅಂಗಡಿಯ ಬಾಗಿಲಲ್ಲೂ ಓದಿಕೊಳ್ಳುವಂತೆ ಅಂಟಿಸುವ ಹೊಣೆ ಒಬ್ಬ ಅಧಿಕಾರಿಯ ಹೆಸರಿನಲ್ಲೇ ಇರಲಿ. ದೂರದ ಪೀಠಕ್ಕೆ ಹೋಗಲೇಬೇಕಾದ ಬಡ ಕಕ್ಷಿದಾರನ ಮತ್ತು ಸಾಕ್ಷಿಯ ಪ್ರಯಾಣದ ವೆಚ್ಚವನ್ನು ಸರಕಾರ ಭರಿಸಲಿ. ಊರು ಬಿಡಲು ತೀರ್ಮಾನಿಸಿದ್ದು ಅವರಲ್ಲ.

ಈ ಕರಡನ್ನು ಸಿದ್ಧಪಡಿಸಿ ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಿಸಿ. ಆಕ್ಷೇಪಣೆ ಕೇಳುವಾಗ ವಕೀಲರ ಸಂಘಗಳ ಜೊತೆಗೆ ಅಮೀನರನ್ನೂ ಬೆಂಚು ಗುಮಾಸ್ತರನ್ನೂ ಜೈಲಿನ ವೈದ್ಯರನ್ನೂ ಕರೆಸಿ; ಬಾಗಿಲು ತೆರೆದಿಡುವವರು ಅವರೇ ಆದ್ದರಿಂದ ಬೀಗದ ಕೈ ಎಲ್ಲಿರಬೇಕೆಂದು ಅವರಿಗೆ ಗೊತ್ತಿರುತ್ತದೆ.

ಇಂತಿ,
ನ್ಯಾಯಾಲಯದ ಕಡತಗಳೊಡನೆ ಕೆಲಸ ಮಾಡಿ ನಿವೃತ್ತನಾದ ಒಬ್ಬ ನೌಕರ